ಕಪ್ಪೆಯ ಕಾಲಿನಿಂದ ಹುಟ್ಟಿದ ಕ್ರಿಯಾಪದ

ಹಿತ್ತಿಲ ಬಾವಿಯ ಕಟ್ಟೆಯ ಮೇಲೆ ಬೋರಲು ಹಾಕಿದ ಬೂದುಬಣ್ಣದ ಬಕೆಟ್ಟನ್ನು ನೋಡದವರು ನಮ್ಮಲ್ಲಿ ವಿರಳ. ಹೊಸದಾಗಿದ್ದಾಗ ಅದರ ಮೈಮೇಲೆ ಹೂವಿನ ಎಸಳುಗಳನ್ನು ಚೆಲ್ಲಿದಂತೆ ಹರಳುಗಳ ಚಿತ್ತಾರವು ಮಿನುಗುತ್ತಿರುವುದು. ಅಂಗಡಿಯವನು ಅದನ್ನು ‘ಜಿ.ಐ. ಬಕೆಟ್ಟು’ ಎನ್ನುವನು. ಈ ಎರಡು ಅಕ್ಷರಗಳು ‘ಗ್ಯಾಲ್ವನೈಸ್ಡ್ ಐರನ್’ ಎಂಬ ಎರಡು ಪದಗಳ ಸಂಕ್ಷೇಪ. ಅದೇ ದಿನ ಇಂಗ್ಲಿಷ್ ವೃತ್ತಪತ್ರಿಕೆಯೊಂದರ ಸಂಪಾದಕೀಯವನ್ನು ಓದಿದರೆ, ಪ್ರವಾಹದ ಸುದ್ದಿಯು ಇಡೀ ಊರನ್ನು ‘ಗ್ಯಾಲ್ವನೈಸ್’ ಮಾಡಿತೆಂಬ ವಾಕ್ಯವೂ ಕಣ್ಣಿಗೆ ಬೀಳಬಹುದು.

ಬಕೆಟ್ಟಿಗೂ ಊರಿಗೂ ಎತ್ತಣ ಸಂಬಂಧ? ಕಬ್ಬಿಣಕ್ಕೆ ಮಾಡಿದ ಉಪಚಾರವನ್ನೇ ಊರಿನ ಜನಕ್ಕೂ ಮಾಡಲು ಸಾಧ್ಯವೆ? ನಿಘಂಟನ್ನು ತೆರೆದರೆ ಒಂದೇ ಕ್ರಿಯಾಪದದ ಎದುರಿಗೆ ಮೂರು ಅರ್ಥಗಳು ಕಾಣುವುವು. ವಿದ್ಯುತ್ಪ್ರವಾಹವನ್ನು ಹಾಯಿಸಿ ಸ್ನಾಯುವನ್ನು ಉದ್ರೇಕಿಸುವುದು ಮೊದಲನೆಯದು. ತುಕ್ಕು ಹಿಡಿಯದಂತೆ ಕಬ್ಬಿಣಕ್ಕೆ ಸತುವಿನ ಲೇಪ ಕೊಡುವುದು ಎರಡನೆಯದು. ಸುಮ್ಮನಿದ್ದವರನ್ನು ಥಟ್ಟನೆ ಕಾರ್ಯಪ್ರವೃತ್ತರನ್ನಾಗಿ ಮಾಡುವುದು ಮೂರನೆಯದು. ಮೂರೂ ಒಂದಕ್ಕೊಂದು ಸಂಬಂಧವಿಲ್ಲದವುಗಳಂತೆ ತೋರುವುವು. ಆದರೆ ಈ ಮೂರು ಕವಲುಗಳನ್ನು ಹಿಡಿದು ಬುಡದತ್ತ ಸಾಗಿದರೆ ನಾವು ತಲಪುವುದು ಒಂದೇ ಎಡೆಯನ್ನು: ಇಟಲಿಯ ಬೊಲೋನ್ಯ ನಗರದ ಒಂದು ಮನೆಯ ಮೇಜು, ಅದರ ಮೇಲೆ ಚರ್ಮ ಸುಲಿದ ಒಂದು ಕಪ್ಪೆ.

ಮೇಜಿನ ಮೇಲಿನ ಕಪ್ಪೆ

ಲುಯಿಜಿ ಗಾಲ್ವಾನಿಯು 1737ರಲ್ಲಿ ಬೊಲೋನ್ಯದಲ್ಲಿ ಹುಟ್ಟಿದನು. ವೈದ್ಯಶಾಸ್ತ್ರವನ್ನು ಓದಿ, ಆ ನಗರದ ಪುರಾತನ ವಿಶ್ವವಿದ್ಯಾನಿಲಯದಲ್ಲಿಯೇ ಅಂಗರಚನಾಶಾಸ್ತ್ರದ ಅಧ್ಯಾಪಕನಾದನು. ಅವನ ಪತ್ನಿ ಲೂಚಿಯಾ ಗಲೆಯಾಟ್ಸಿ ಅಂಗರಚನಾಶಾಸ್ತ್ರಜ್ಞನೊಬ್ಬನ ಮಗಳು. ಸ್ವತಃ ವಿದ್ಯಾವಂತೆ, ಗಂಡನ ಪ್ರಯೋಗಗಳಲ್ಲಿ ನೆರವಾಗುತ್ತಿದ್ದವಳು. ಆ ಕಾಲದಲ್ಲಿ ವಿದ್ಯುತ್ತೆಂಬುದು ವಿದ್ವಾಂಸರಿಗೆ ಹೊಸ ಬೆರಗು. ಗಾಜನ್ನು ಉಜ್ಜಿ ಕಿಡಿಗಳನ್ನು ಹೊರಡಿಸುವ ಯಂತ್ರಗಳೂ, ವಿದ್ಯುತ್ತನ್ನು ಕೂಡಿಡುವ ಲೈಡೆನ್ ಜಾಡಿಗಳೂ ಯುರೋಪಿನ ಅನೇಕ ಮನೆಗಳನ್ನು ಪ್ರವೇಶಿಸಿದ್ದುವು. ಆದರೆ ಒಂದು ಕ್ಷಣದ ಕಿಡಿಯನ್ನು ಬಿಟ್ಟರೆ ಎಡೆಬಿಡದೆ ಹರಿಯುವ ವಿದ್ಯುತ್ತು ಯಾರ ಕೈಯಲ್ಲಿಯೂ ಇರಲಿಲ್ಲ.

1780ರ ಸುಮಾರಿನಿಂದ ಗಾಲ್ವಾನಿಯು ಕಪ್ಪೆಗಳ ಮೇಲೆ ಪ್ರಯೋಗ ನಡೆಸತೊಡಗಿದನು. ಕಪ್ಪೆಯ ಹಿಂಗಾಲುಗಳನ್ನೂ ಅವುಗಳಿಗೆ ಹೋಗುವ ನರಗಳನ್ನೂ ಉಳಿಸಿಕೊಂಡು ಉಳಿದ ಭಾಗವನ್ನು ತೆಗೆದುಹಾಕುವುದು ಅವನ ಪದ್ಧತಿ. ಒಮ್ಮೆ ಇಂಥ ಕಪ್ಪೆಯೊಂದು ಮೇಜಿನ ಮೇಲೆ ಇದ್ದಿತು. ಅದೇ ಮೇಜಿನ ಮೇಲೆ, ತುಸು ದೂರದಲ್ಲಿ, ವಿದ್ಯುದ್ಯಂತ್ರವೊಂದಿತ್ತು. ಎರಡಕ್ಕೂ ಯಾವ ಸಂಪರ್ಕವೂ ಇರಲಿಲ್ಲ. ಸಹಾಯಕನೊಬ್ಬನು ಕತ್ತಿಯ ಮೊನೆಯಿಂದ ಕಪ್ಪೆಯ ನರವನ್ನು ಮೆಲ್ಲನೆ ಮುಟ್ಟಿದನು. ಸತ್ತ ಕಪ್ಪೆಯ ಕಾಲುಗಳು ಒಮ್ಮೆಗೇ ಜೋರಾಗಿ ಸೆಟೆದುಕೊಂಡುವು. ಯಂತ್ರದಿಂದ ಕಿಡಿ ಹಾರಿದ ಕ್ಷಣಕ್ಕೂ ಕಾಲು ಅದುರಿದ ಕ್ಷಣಕ್ಕೂ ವ್ಯತ್ಯಾಸವಿರಲಿಲ್ಲವೆಂಬುದು ಅಲ್ಲಿದ್ದವರ ಗಮನಕ್ಕೆ ಬಂದಿತು.

ಇದರ ಕಾರಣವನ್ನು ಇಂದು ನಾವು ಸುಲಭವಾಗಿ ಹೇಳಬಲ್ಲೆವು. ಕಿಡಿ ಹಾರಿದಾಗ ಯಂತ್ರದ ಸುತ್ತಲಿನ ವಿದ್ಯುತ್ ಕ್ಷೇತ್ರವು ಒಮ್ಮೆಗೇ ಬದಲಾಗುವುದು. ಆ ಬದಲಾವಣೆಯು ಮುಟ್ಟದೆಯೇ ಪಕ್ಕದ ವಾಹಕಗಳಲ್ಲಿ ವಿದ್ಯುತ್ತನ್ನು ಪ್ರೇರಿಸುವುದು. ಕಪ್ಪೆಯ ನರ, ಕತ್ತಿ, ಸಹಾಯಕನ ಕೈ ಇವುಗಳ ಮೂಲಕ ಹರಿದದ್ದು ಆ ಪ್ರೇರಿತ ವಿದ್ಯುತ್ತು. ಇಷ್ಟು ಸೂಕ್ಷ್ಮವಾದ ಪ್ರವಾಹವನ್ನು ತೋರಿಸಬಲ್ಲ ಯಾವ ಉಪಕರಣವೂ ಆಗ ಇರಲಿಲ್ಲ. ಕಪ್ಪೆಯ ಕಾಲೇ ಆ ಕಾಲದ ಅತ್ಯಂತ ಸೂಕ್ಷ್ಮವಾದ ವಿದ್ಯುನ್ಮಾಪಕವಾಗಿದ್ದಿತು.

ಗಾಲ್ವಾನಿಯು ಅಲ್ಲಿಗೆ ನಿಲ್ಲಲಿಲ್ಲ. ಯಂತ್ರದ ಕಿಡಿ ಮಾಡುವುದನ್ನು ಆಕಾಶದ ಮಿಂಚೂ ಮಾಡೀತೆ ಎಂದು ತಿಳಿಯುವ ಆಸೆಯಾಯಿತು. 1786ರಲ್ಲಿ ಅವನು ಕಪ್ಪೆಯ ಕಾಲುಗಳನ್ನು ಹಿತ್ತಾಳೆಯ ಕೊಕ್ಕೆಗಳಿಗೆ ಸಿಕ್ಕಿಸಿ, ಮನೆಯ ಹೊರಗಿನ ಕಬ್ಬಿಣದ ಕಂಬಿಗಳಿಗೆ ತೂಗುಹಾಕಿದನು. ಗುಡುಗುಮಿಂಚಿನ ವೇಳೆಯಲ್ಲಿ ಕಾಲುಗಳು ಅದುರಿದುವು, ಅದು ನಿರೀಕ್ಷಿಸಿದ್ದೇ. ಆದರೆ ಆಕಾಶವು ತಿಳಿಯಾಗಿದ್ದಾಗಲೂ ಅವು ಆಗಾಗ ಅದುರಿದುವು! ಕೊಕ್ಕೆಯನ್ನು ಕಂಬಿಗೆ ಒತ್ತಿದಾಗಲೆಲ್ಲ ಕಾಲು ಸೆಟೆಯುತ್ತಿತ್ತು. ಕಪ್ಪೆಯನ್ನು ಮನೆಯೊಳಕ್ಕೆ ತಂದು ಕಬ್ಬಿಣದ ಫಲಕದ ಮೇಲಿಟ್ಟು ಕೊಕ್ಕೆಯನ್ನು ಫಲಕಕ್ಕೆ ತಾಗಿಸಿದನು. ಆಗಲೂ ಅದೇ ಪರಿಣಾಮ. ಯಂತ್ರವಿಲ್ಲ, ಮಿಂಚಿಲ್ಲ, ಹಾಗಾದರೆ ವಿದ್ಯುತ್ತು ಎಲ್ಲಿಂದ ಬಂದಿತು?

ಪ್ರಾಣಿಯ ದೇಹದಿಂದಲೇ ಬಂದಿತೆಂದು ಗಾಲ್ವಾನಿಯು ಉತ್ತರ ಕೊಟ್ಟನು. ಲೈಡೆನ್ ಜಾಡಿಯಲ್ಲಿ ವಿದ್ಯುತ್ತು ಕೂಡಿರುವಂತೆ ಸ್ನಾಯುವಿನಲ್ಲಿಯೂ ಕೂಡಿರುವುದು. ಲೋಹವು ದಾರಿ ಮಾಡಿಕೊಟ್ಟಾಗ ಅದು ನರದ ಮೂಲಕ ಹರಿದು ಸ್ನಾಯುವನ್ನು ಕುಗ್ಗಿಸುವುದು. ಇದನ್ನು ಅವನು ‘ಪ್ರಾಣಿವಿದ್ಯುತ್ತು’ ಎಂದು ಕರೆದನು. ಹತ್ತು ವರ್ಷಗಳ ಈ ಶ್ರಮದ ವಿವರವನ್ನು ಲ್ಯಾಟಿನ್ ಭಾಷೆಯಲ್ಲಿ ಬರೆದು 1791ರಲ್ಲಿ ಪ್ರಕಟಿಸಿದನು. ಯುರೋಪಿನಲ್ಲೆಲ್ಲ ಕಪ್ಪೆಗಳಿಗೆ ಕಷ್ಟಕಾಲ ಪ್ರಾಪ್ತವಾಯಿತು. ವಿದ್ವಾಂಸರು ಎಲ್ಲೆಡೆಯಲ್ಲಿಯೂ ಈ ಪ್ರಯೋಗವನ್ನು ಮಾಡಿನೋಡತೊಡಗಿದರು.

ವೋಲ್ಟನ ಆಕ್ಷೇಪ

ಹಾಗೆ ಮಾಡಿನೋಡಿದವರಲ್ಲಿ ಪಾವಿಯಾ ವಿಶ್ವವಿದ್ಯಾನಿಲಯದ ಭೌತಶಾಸ್ತ್ರದ ಪ್ರಾಧ್ಯಾಪಕ ಅಲೆಸ್ಸಾಂಡ್ರೋ ವೋಲ್ಟನೂ ಒಬ್ಬನು. ಮೊದಲು ಅವನು ಗಾಲ್ವಾನಿಯ ಶೋಧವನ್ನು ಮನಸಾರೆ ಮೆಚ್ಚಿಕೊಂಡನು. ಆದರೆ ಪ್ರಯೋಗಗಳನ್ನು ಮುಂದುವರಿಸಿದಂತೆಲ್ಲ ಒಂದು ಸಂಶಯವು ಬಲವಾಯಿತು. ಕಾಲು ಚೆನ್ನಾಗಿ ಅದುರಬೇಕಾದರೆ ಒಂದೇ ಲೋಹವು ಸಾಲದು. ಹಿತ್ತಾಳೆ ಮತ್ತು ಕಬ್ಬಿಣದಂಥ ಎರಡು ಬೇರೆಬೇರೆ ಲೋಹಗಳು ಬೇಕಾಗುತ್ತಿದ್ದುವು. ವಿದ್ಯುತ್ತು ಸ್ನಾಯುವಿನಲ್ಲಿಯೇ ಇದ್ದ ಪಕ್ಷದಲ್ಲಿ ಲೋಹಗಳ ಈ ಭೇದವೇಕೆ? ವಿದ್ಯುತ್ತು ಹುಟ್ಟುವುದು ಲೋಹಗಳ ಸಂಪರ್ಕದಿಂದ, ಕಪ್ಪೆಯ ಕಾಲು ಅದನ್ನು ತೋರಿಸುವ ಸಾಧನ ಮಾತ್ರ, ಎಂದು ವೋಲ್ಟನು ವಾದಿಸಿದನು. ತವರದ ಹಾಳೆಯನ್ನೂ ಬೆಳ್ಳಿಯ ನಾಣ್ಯವನ್ನೂ ತನ್ನ ನಾಲಗೆಗೆ ತಾಗಿಸಿಕೊಂಡು, ಎರಡನ್ನೂ ಒಂದಕ್ಕೊಂದು ಮುಟ್ಟಿಸಿದಾಗ ಉಂಟಾಗುವ ಹುಳಿರುಚಿಯನ್ನು ಅವನು ಸಾಕ್ಷಿಯಾಗಿ ಮುಂದಿಟ್ಟನು.

ವಿಜ್ಞಾನದ ಇತಿಹಾಸದಲ್ಲಿ ಇದೊಂದು ಉದಾತ್ತವಾದ ಜಗಳ. ಬೈಗುಳಿಗೆ ಬದಲಾಗಿ ಪ್ರಯೋಗಗಳು ಅತ್ತಿಂದಿತ್ತ ಓಡಾಡಿದುವು. ಲೋಹವೇ ಕಾರಣವೆಂದು ವೋಲ್ಟನು ಹೇಳಿದರೆ, ಲೋಹವೇ ಇಲ್ಲದಂತೆ ಕಾಲನ್ನು ಅದುರಿಸಿ ತೋರಿಸುವೆವೆಂದು ಗಾಲ್ವಾನಿಯ ಪಕ್ಷದವರು ಹೊರಟರು. 1794ರಲ್ಲಿ ಹೊರಬಂದ ಹೆಸರಿಲ್ಲದ ಪುಸ್ತಿಕೆಯೊಂದರಲ್ಲಿ, ನರವನ್ನು ನೇರವಾಗಿ ಸ್ನಾಯುವಿಗೆ ತಾಗಿಸಿದರೂ ಕಾಲು ಅದುರುವುದೆಂಬುದನ್ನು ವಿವರಿಸಲಾಗಿತ್ತು. 1797ರಲ್ಲಿ ಗಾಲ್ವಾನಿಯು ಇನ್ನೂ ಮುಂದೆ ಹೋಗಿ, ಒಂದು ಕಾಲಿನ ನರವನ್ನು ಇನ್ನೊಂದು ಕಾಲಿನ ನರಕ್ಕೆ ಮಾತ್ರ ಮುಟ್ಟಿಸಿ ಸ್ನಾಯುಗಳು ಕುಗ್ಗುವುದನ್ನು ತೋರಿಸಿದನು. ಅಲ್ಲಿ ಯಾವ ಲೋಹವೂ ಇರಲಿಲ್ಲ.

ವೋಲ್ಟನ ಉತ್ತರವು 1800ನೆಯ ಇಸವಿಯ ಮಾರ್ಚ್ ತಿಂಗಳಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯ ಅಧ್ಯಕ್ಷನಿಗೆ ಬರೆದ ಕಾಗದದ ರೂಪದಲ್ಲಿ ಬಂದಿತು. ಬೆಳ್ಳಿಯ ಬಿಲ್ಲೆ, ಸತುವಿನ ಬಿಲ್ಲೆ, ಉಪ್ಪುನೀರಿನಲ್ಲಿ ನೆನೆಸಿದ ರಟ್ಟು. ಮತ್ತೆ ಬೆಳ್ಳಿ, ಸತುವು, ರಟ್ಟು. ಹೀಗೆ ಒಂದರ ಮೇಲೊಂದನ್ನು ಪೇರಿಸಿದ ಸ್ತಂಭದ ಎರಡು ತುದಿಗಳನ್ನು ಮುಟ್ಟಿದರೆ ಕೈಗೆ ಆಘಾತ ತಗಲುವುದು, ಒಮ್ಮೆಯಲ್ಲ, ಮತ್ತೆ ಮತ್ತೆ. ಅದರಲ್ಲಿ ಕಪ್ಪೆ ಇರಲಿಲ್ಲ. ಜಗತ್ತಿನ ಮೊದಲನೆಯ ಬ್ಯಾಟರಿಯು ಹೀಗೆ, ಒಂದು ವಾದದಲ್ಲಿ ಗೆಲ್ಲುವ ಹಟದಿಂದ, ಹುಟ್ಟಿತು. ಎಡೆಬಿಡದೆ ಹರಿಯುವ ವಿದ್ಯುತ್ತು ಮನುಷ್ಯನ ಕೈಗೆ ಮೊದಲ ಬಾರಿಗೆ ದೊರೆಯಿತು. ಇಂದು ನಮ್ಮ ಜೇಬಿನ ಮೊಬೈಲ್ ಫೋನಿನೊಳಗಿರುವ ವಿದ್ಯುತ್ಕೋಶವೂ ಈ ಸ್ತಂಭದ ವಂಶದ್ದೇ.

ಈ ಉತ್ತರವನ್ನು ಓದಲು ಗಾಲ್ವಾನಿಯು ಬದುಕಿರಲಿಲ್ಲ. 1797ರಲ್ಲಿ ನೆಪೋಲಿಯನ್ನನು ಉತ್ತರ ಇಟಲಿಯಲ್ಲಿ ಸಿಸಾಲ್ಪೈನ್ ಗಣರಾಜ್ಯವನ್ನು ಸ್ಥಾಪಿಸಿದ್ದನು. ವಿಶ್ವವಿದ್ಯಾನಿಲಯದ ಅಧ್ಯಾಪಕರೆಲ್ಲರೂ ಅದಕ್ಕೆ ನಿಷ್ಠೆಯ ಪ್ರಮಾಣವಚನ ಸ್ವೀಕರಿಸಬೇಕೆಂದು ಆಜ್ಞೆಯಾಯಿತು. ಅದು ತನ್ನ ಮನಸ್ಸಾಕ್ಷಿಗೆ ಒಪ್ಪದೆಂದು ಗಾಲ್ವಾನಿಯು ನಿರಾಕರಿಸಿದನು. 1798ರಲ್ಲಿ ಅವನ ಹುದ್ದೆಯೂ ಸಂಬಳವೂ ಹೋದುವು. ಪ್ರಯೋಗಗಳಲ್ಲಿ ಜೊತೆಗಿದ್ದ ಲೂಚಿಯಾ 1790ರಲ್ಲಿಯೇ ತೀರಿಕೊಂಡಿದ್ದಳು. ಅದೇ 1798ರ ಡಿಸೆಂಬರ್ 4ರಂದು ಗಾಲ್ವಾನಿಯೂ ಕಣ್ಮುಚ್ಚಿದನು. ವೋಲ್ಟನಿಗಾದರೋ ಪ್ಯಾರಿಸಿನಲ್ಲಿ ನೆಪೋಲಿಯನ್ನನ ಎದುರಿಗೆ ತನ್ನ ಸ್ತಂಭವನ್ನು ಪ್ರದರ್ಶಿಸುವ ಗೌರವ ದೊರೆಯಿತು. ಮುಂದೆ ಕೌಂಟ್ ಪದವಿಯೂ ಬಂದಿತು. ಒಬ್ಬನು ಎಲ್ಲವನ್ನೂ ಕಳೆದುಕೊಂಡನು, ಇನ್ನೊಬ್ಬನು ಎಲ್ಲವನ್ನೂ ಪಡೆದನು. ಭಾಷೆ ಮಾತ್ರ ಇಬ್ಬರನ್ನೂ ಮರೆಯಲಿಲ್ಲ. ವೋಲ್ಟನ ಹೆಸರು ‘ವೋಲ್ಟ್’ ಎಂಬ ಮಾನವಾಯಿತು. ಗಾಲ್ವಾನಿಯ ಹೆಸರು ಕ್ರಿಯಾಪದವಾಯಿತು.

ಹೆಸರು ಕ್ರಿಯಾಪದವಾದ ಬಗೆ

ಲೋಹಗಳ ಸಂಪರ್ಕದಿಂದ ದೊರೆಯುವ ಈ ಹೊಸ ವಿದ್ಯುತ್ತಿಗೆ ಆ ಕಾಲದವರು ‘ಗ್ಯಾಲ್ವನಿಸಮ್’ ಎಂದು ಹೆಸರಿಟ್ಟರು. ವಿನೋದವೆಂದರೆ, ಲೋಹಗಳಿಂದ ವಿದ್ಯುತ್ತು ಹುಟ್ಟುವುದೆಂಬುದನ್ನು ಒಪ್ಪದಿದ್ದವನ ಹೆಸರೇ ಅದಕ್ಕೆ ಅಂಟಿಕೊಂಡಿತು. ಫ್ರೆಂಚರು ಆ ನಾಮಪದದಿಂದ ‘ಗಾಲ್ವನಿಸೇ’ ಎಂಬ ಕ್ರಿಯಾಪದವನ್ನು ಮಾಡಿಕೊಂಡರು. ಅದೇ ಹತ್ತೊಂಬತ್ತನೆಯ ಶತಮಾನದ ಮೊದಲ ವರ್ಷಗಳಲ್ಲಿ ಕಡಲ ಕಾಲುವೆಯನ್ನು ದಾಟಿ ಇಂಗ್ಲಿಷಿನಲ್ಲಿ ‘ಗ್ಯಾಲ್ವನೈಸ್’ ಆಯಿತು. ಅದರ ಕೊನೆಯಲ್ಲಿರುವ ‘ಐಸ್’ ಎಂಬ ಪ್ರತ್ಯಯವು ಇನ್ನೂ ಹಳೆಯದು. ಗ್ರೀಕಿನಲ್ಲಿ ಹುಟ್ಟಿ, ಲ್ಯಾಟಿನ್ನಿಗೆ ಬಂದು, ಫ್ರೆಂಚಿನ ದಾರಿಯಾಗಿ ಇಂಗ್ಲಿಷನ್ನು ಸೇರಿದ್ದು. ನಾವು ಕನ್ನಡದಲ್ಲಿ ‘ಇಸು’ ಎಂಬ ಪ್ರತ್ಯಯವನ್ನು ಹಚ್ಚಿ ‘ಪ್ರೀತಿಸು’, ‘ಯೋಚಿಸು’ ಎಂದು ನಾಮಪದಗಳನ್ನು ಕ್ರಿಯಾಪದಗಳನ್ನಾಗಿ ಮಾಡಿಕೊಳ್ಳುವಂತೆಯೇ ಅವರೂ ಈ ಪ್ರತ್ಯಯದಿಂದ ಮಾಡಿಕೊಳ್ಳುತ್ತಾರೆ. ಹಾಲಿನ ಪೊಟ್ಟಣದ ಮೇಲೆ ಕಾಣುವ ‘ಪಾಶ್ಚರೈಸ್’ ಎಂಬ ಪದದಲ್ಲಿ ಲೂಯಿ ಪಾಶ್ಚರನೂ, ಮಂತ್ರಮುಗ್ಧಗೊಳಿಸು ಎಂಬರ್ಥದ ‘ಮೆಸ್ಮರೈಸ್’ ಎಂಬ ಪದದಲ್ಲಿ ಮೆಸ್ಮರ್ ಎಂಬ ವೈದ್ಯನೂ ಹೀಗೆಯೇ ಅಡಗಿಕೊಂಡಿದ್ದಾರೆ.

ಈ ಪದದ ಮೊದಲ ಅರ್ಥವು ಅಕ್ಷರಶಃ ಪ್ರಯೋಗಾಲಯದ್ದು: ಲೋಹಜನ್ಯ ವಿದ್ಯುತ್ತನ್ನು ದೇಹಕ್ಕೆ ಹಾಯಿಸುವುದು. ಇದನ್ನು ಜನರ ಕಣ್ಣಿಗೆ ಕಟ್ಟುವಂತೆ ತೋರಿಸಿದವನು ಗಾಲ್ವಾನಿಯ ಸೋದರಳಿಯ ಜೋವಾನಿ ಆಲ್ದೀನಿ. ಇವನು ಮಾವನ ಮತವನ್ನು ಎತ್ತಿಹಿಡಿಯಲು ಯುರೋಪಿನಲ್ಲೆಲ್ಲ ಸಂಚರಿಸಿದನು. 1803ರ ಜನವರಿಯಲ್ಲಿ ಲಂಡನ್ನಿನಲ್ಲಿ, ಆಗತಾನೆ ಗಲ್ಲಿಗೇರಿಸಲ್ಪಟ್ಟಿದ್ದ ಒಬ್ಬ ಅಪರಾಧಿಯ ಶವಕ್ಕೆ ದೊಡ್ಡ ಬ್ಯಾಟರಿಯ ತಂತಿಗಳನ್ನು ತಾಗಿಸಿದನು. ಶವದ ದವಡೆ ನಡುಗಿತು, ಒಂದು ಕಣ್ಣು ತೆರೆಯಿತು, ಕೈ ಮುಷ್ಟಿ ಬಿಗಿದು ಮೇಲೆದ್ದಿತು. ಸತ್ತವನು ಬದುಕುತ್ತಿರುವನೆಂದೇ ನೋಡುತ್ತಿದ್ದ ಕೆಲವರು ಭಾವಿಸಿದರು. ಅವನೇನೂ ಬದುಕಲಿಲ್ಲ; ಪ್ರವಾಹ ನಿಂತೊಡನೆ ಕೈ ಕೆಳಗೆ ಬಿದ್ದಿತು. ಆದರೆ ಜನರ ಕಲ್ಪನೆಯಿಂದ ಆ ದೃಶ್ಯವು ಅಳಿಸಿಹೋಗಲಿಲ್ಲ. 1818ರಲ್ಲಿ ಪ್ರಕಟವಾದ ‘ಫ್ರಾಂಕೆನ್‌ಸ್ಟೈನ್’ ಕಾದಂಬರಿಯ ಲೇಖಕಿ ಮೇರಿ ಶೆಲ್ಲಿ, ತನ್ನ ಕಥೆ ಹುಟ್ಟಿದ ಬಗೆಯನ್ನು ಹೇಳುವಾಗ ಗ್ಯಾಲ್ವನಿಸಮ್ಮಿನ ಪ್ರಸ್ತಾಪವನ್ನು ಮಾಡಿದ್ದಾಳೆ.

ಪದದ ಲಾಕ್ಷಣಿಕ ಅರ್ಥವು ಬೆಳೆದದ್ದು ಈ ಹಿನ್ನೆಲೆಯಲ್ಲಿಯೇ. ಹತ್ತೊಂಬತ್ತನೆಯ ಶತಮಾನದ ನಡುವಿನ ಹೊತ್ತಿಗೆ ಇಂಗ್ಲಿಷ್ ಲೇಖಕರು ಮಲಗಿದ್ದ ಸಂಸ್ಥೆಯನ್ನೋ ಮಂಕಾಗಿದ್ದ ಮನುಷ್ಯನನ್ನೋ ‘ಗ್ಯಾಲ್ವನೈಸ್’ ಮಾಡುವ ಮಾತನ್ನಾಡತೊಡಗಿದ್ದರು. ಆರಂಭದಲ್ಲಿ ಈ ಬಳಕೆಯಲ್ಲಿ ಶವದ ನೆನಪು ದಟ್ಟವಾಗಿಯೇ ಇದ್ದಿತು. ಹೊರಗಿನ ಪ್ರಚೋದನೆಯಿಂದ ಬಂದ, ಬಹುಕಾಲ ನಿಲ್ಲದ ಹುಸಿಚೈತನ್ಯವೆಂಬ ಧ್ವನಿಯೂ ಅದರಲ್ಲಿ ಸೇರಿರುತ್ತಿತ್ತು. ಕಾಲ ಕಳೆದಂತೆ ಶವವು ಮರೆಯಾಯಿತು, ಆಘಾತವು ಉಳಿಯಿತು. ಇಂದು ಈ ಪದವು ಬಹುಮಟ್ಟಿಗೆ ಮೆಚ್ಚುಗೆಯ ಪದವೇ.

ಸತುವಿನ ತ್ಯಾಗ

ಇನ್ನು ಬಕೆಟ್ಟಿನ ವಿಚಾರ. ಕಬ್ಬಿಣಕ್ಕೆ ಸತುವನ್ನು ಲೇಪಿಸಿದರೆ ತುಕ್ಕು ಹಿಡಿಯದೆಂಬುದನ್ನು ಮಾಲ್ವ್ಯಾಂ ಎಂಬ ಫ್ರೆಂಚ್ ರಸಾಯನಶಾಸ್ತ್ರಜ್ಞನು 1742ರಲ್ಲಿಯೇ ಹೇಳಿದ್ದನು. ಆಗ ಗಾಲ್ವಾನಿಯು ಐದು ವರ್ಷದ ಬಾಲಕ. ಈ ವಿಧಾನವನ್ನು ಕೈಗಾರಿಕೆಗೆ ತಂದವನು ಸೊರೆಲ್ ಎಂಬ ಫ್ರೆಂಚ್ ಎಂಜಿನಿಯರು. ಶುದ್ಧಮಾಡಿದ ಕಬ್ಬಿಣವನ್ನು ಕರಗಿದ ಸತುವಿನಲ್ಲಿ ಅದ್ದಿ ತೆಗೆಯುವ ಕ್ರಮಕ್ಕೆ ಅವನು 1837ರಲ್ಲಿ ಪೇಟೆಂಟ್ ಪಡೆದನು. ಸತುವು ಸುಮಾರು 420 ಡಿಗ್ರಿ ಸೆಂಟಿಗ್ರೇಡಿನಲ್ಲಿ ಕರಗುವುದು. ಕಬ್ಬಿಣ ಕರಗಲು 1,500 ಡಿಗ್ರಿಗೂ ಹೆಚ್ಚು ಶಾಖ ಬೇಕು. ಆದ್ದರಿಂದ ಸುಮಾರು 450 ಡಿಗ್ರಿಯ ಸತುವಿನ ಕೊಳದಲ್ಲಿ ಕಬ್ಬಿಣವನ್ನು ಮುಳುಗಿಸುವುದು ಸುಲಭ. ಮುಳುಗಿದ ಕಬ್ಬಿಣದ ಮೇಲ್ಮೈಯಲ್ಲಿ ಎರಡೂ ಲೋಹಗಳು ಬೆರೆತು ಮಿಶ್ರಲೋಹದ ಪದರಗಳಾಗುವುವು. ಹೊರಗೆ ಸತುವಿನ ಪದರವು ನಿಲ್ಲುವುದು. ಬಕೆಟ್ಟಿನ ಮೇಲೆ ಕಾಣುವ ಹೂವಿನ ಚಿತ್ತಾರವು ಆ ಸತುವು ಹೆಪ್ಪುಗಟ್ಟುವಾಗ ಮೂಡಿದ ಹರಳುಗಳದ್ದು.

ಈ ಕ್ರಮದಲ್ಲಿ ವಿದ್ಯುತ್ಪ್ರವಾಹವನ್ನು ಎಲ್ಲಿಯೂ ಹಾಯಿಸುವುದಿಲ್ಲವೆಂಬುದನ್ನು ವಾಚಕರು ಗಮನಿಸಿರಬಹುದು. ಹಾಗಿದ್ದರೂ ಗಾಲ್ವಾನಿಯ ಹೆಸರೇಕೆ? ಲೇಪವನ್ನು ಕೊಡುವುದರಲ್ಲಿ ವಿದ್ಯುತ್ತಿಲ್ಲ, ಅದು ಕಬ್ಬಿಣವನ್ನು ಕಾಪಾಡುವುದರಲ್ಲಿ ವಿದ್ಯುತ್ತಿದೆ. ಕಬ್ಬಿಣ, ಸತುವು, ನೀರು ಮೂರೂ ಒಂದೆಡೆ ಸೇರಿದಾಗ ಅದೊಂದು ಪುಟ್ಟ ವಿದ್ಯುತ್ಕೋಶವಾಗುವುದು. ಎರಡು ಲೋಹ ಮತ್ತು ಉಪ್ಪುನೀರಿನ ವೋಲ್ಟನ ಸ್ತಂಭವೇ ಇಲ್ಲಿಯೂ ಇದೆ. ಎಲೆಕ್ಟ್ರಾನುಗಳನ್ನು ಬಿಟ್ಟುಕೊಡುವುದರಲ್ಲಿ ಸತುವು ಕಬ್ಬಿಣಕ್ಕಿಂತ ಉದಾರಿ. ಇದನ್ನು ಅಂಕಿಗಳಲ್ಲಿ ಹೇಳುವುದಾದರೆ ಸತುವಿನ ವಿದ್ಯುದ್ವಿಭವ ಋಣ 0.76 ವೋಲ್ಟ್, ಕಬ್ಬಿಣದ್ದು ಋಣ 0.44 ವೋಲ್ಟ್. ಆದಕಾರಣ ನೀರೂ ಗಾಳಿಯೂ ದಾಳಿ ಮಾಡಿದಾಗ ಸತುವು ತಾನು ಕರಗಿ ಕಬ್ಬಿಣವನ್ನು ಉಳಿಸುವುದು. ಬಕೆಟ್ಟಿನ ಮೇಲೆ ಗೀರು ಬಿದ್ದು ಕಬ್ಬಿಣವು ಬಯಲಾದರೂ ಪಕ್ಕದಲ್ಲಿರುವ ಸತುವು ಅದನ್ನು ಕಾಯುತ್ತಲೇ ಇರುವುದು.

ನಮ್ಮ ನಾಡಿನಲ್ಲಿ ತಾಮ್ರ ಮತ್ತು ಹಿತ್ತಾಳೆಯ ಪಾತ್ರೆಗಳಿಗೆ ಕಲಾಯಿ ಹಾಕುವ ಕಸುಬು ಬಹಳ ಹಳೆಯದು. ಕಲಾಯಿಯವನು ಪಾತ್ರೆಯನ್ನು ಕೆಂಡದ ಮೇಲೆ ಕಾಯಿಸಿ, ನವಸಾಗರದ ಪುಡಿಯನ್ನು ಎರಚಿ, ತವರವನ್ನು ಕರಗಿಸಿ ಬಟ್ಟೆಯಿಂದ ಒಳಗೆಲ್ಲ ಹರಡುವನು. ಬಕೆಟ್ಟಿನ ಲೇಪವನ್ನು ‘ಸತುವಿನ ಕಲಾಯಿ’ ಎಂದು ಕರೆದರೆ ಕೇಳಲು ಇಂಪಾಗಿಯೇ ಇದೆ. ಆದರೆ ಇವೆರಡಕ್ಕೂ ಒಂದು ಮುಖ್ಯ ಭೇದವುಂಟು. ತವರದ ವಿದ್ಯುದ್ವಿಭವ ಋಣ 0.14 ವೋಲ್ಟ್ ಮಾತ್ರ. ಅದು ಕಬ್ಬಿಣಕ್ಕಿಂತ ಜಿಪುಣ. ಆದ್ದರಿಂದ ತವರ ಬಳಿದ ಕಬ್ಬಿಣದ ಡಬ್ಬಕ್ಕೆ ಗೀರು ಬಿದ್ದರೆ, ಇಲ್ಲಿ ಎಲೆಕ್ಟ್ರಾನುಗಳನ್ನು ಬಿಟ್ಟುಕೊಡುವ ಸರದಿ ಕಬ್ಬಿಣದ್ದಾಗಿ, ಅದು ಬರಿಯ ಕಬ್ಬಿಣಕ್ಕಿಂತಲೂ ಬೇಗನೆ ತುಕ್ಕು ಹಿಡಿಯುವುದು. ತವರವು ಗೋಡೆಯಂತೆ, ಬಿರುಕು ಬಿಡುವವರೆಗೆ ಮಾತ್ರ ರಕ್ಷಣೆ. ಸತುವು ಕಾವಲುಗಾರನಂತೆ, ತಾನಿರುವವರೆಗೂ ರಕ್ಷಣೆ. ಆದರೆ ಈ ಕಾವಲುಗಾರನಿಗೆ ಹುಳಿಯನ್ನು ಕಂಡರಾಗದು. ಹುಣಿಸೆಯ ರಸ, ಮಜ್ಜಿಗೆ, ನಿಂಬೆಯ ಪಾನಕ ಮೊದಲಾದವನ್ನು ಜಿ.ಐ. ಪಾತ್ರೆಯಲ್ಲಿ ಇಟ್ಟರೆ ಸತುವು ಅವುಗಳಲ್ಲಿ ಕರಗುವುದು. ಕುಡಿದವರಿಗೆ ವಾಂತಿ, ಹೊಟ್ಟೆನೋವು ಬರುವುದು. ಹಬ್ಬದ ಪಾನಕವನ್ನು ಇಂಥ ಬಕೆಟ್ಟಿನಲ್ಲಿ ಕಲಸಬಾರದೆಂಬುದನ್ನು ಎಲ್ಲರೂ ಅರಿತಿರಬೇಕು.

ಸತುವಿನ ಈ ಗುಣವನ್ನು ವಿದ್ಯಾರ್ಥಿಗಳು ಮನೆಯಲ್ಲಿಯೇ ನೋಡಬಹುದು. ಒಂದು ರಸಭರಿತ ನಿಂಬೆಹಣ್ಣಿಗೆ ಒಂದು ಜಿ.ಐ. ಮೊಳೆಯನ್ನೂ ಒಂದು ತಾಮ್ರದ ತಂತಿಯ ತುಂಡನ್ನೂ ಒಂದಕ್ಕೊಂದು ತಾಗದಂತೆ ಚುಚ್ಚಿ, ಶಾಲೆಯ ವೋಲ್ಟ್‌ಮಾಪಕಕ್ಕೆ ಜೋಡಿಸಿದರೆ ಸುಮಾರು ಒಂದು ವೋಲ್ಟಿನ ಸಮೀಪದ ಅಂಕಿಯನ್ನು ಮುಳ್ಳು ತೋರಿಸುವುದು. ಗಾಲ್ವಾನಿಯ ಹೆಸರಿನ ಮೊಳೆ, ವೋಲ್ಟನ ಹೆಸರಿನ ಮಾಪಕ. ಇಬ್ಬರ ಜಗಳವೂ ಒಂದು ನಿಂಬೆಹಣ್ಣಿನಲ್ಲಿ ಮುಗಿಯುವುದು. ಪ್ರಯೋಗವಾದ ಮೇಲೆ ಆ ಹಣ್ಣನ್ನು ಎಸೆಯಬೇಕೇ ಹೊರತು ತಿನ್ನಕೂಡದು.

ಬಳಕೆಯಲ್ಲಿ ಎಚ್ಚರ

ಪರೀಕ್ಷೆಯ ಪ್ರಬಂಧಗಳಲ್ಲಿ ಈ ಪದವನ್ನು ಬಳಸಬಯಸುವವರಿಗೆ ಒಂದೆರಡು ಮಾತು. ಇದು ಸಕರ್ಮಕ ಕ್ರಿಯಾಪದ. ಯಾರನ್ನು ಅಥವಾ ಯಾವುದನ್ನು ಎಂಬ ಪ್ರಶ್ನೆಗೆ ವಾಕ್ಯದಲ್ಲಿ ಉತ್ತರವಿರಬೇಕು. ‘ದಿ ನ್ಯೂಸ್ ಗ್ಯಾಲ್ವನೈಸ್ಡ್ ದಿ ವಿಲೇಜ್ ಇಂಟು ಆ್ಯಕ್ಷನ್’ ಎಂಬುದು ಸರಿಯಾದ ರೂಪ. ಫಲವನ್ನು ಹೇಳುವಾಗ ‘ಇಂಟು’ ಎಂಬ ಪದವು ಜೊತೆಗೂಡುವುದು ವಾಡಿಕೆ. ಬರೆಯುವಾಗ ಕೊನೆಯ ಭಾಗದಲ್ಲಿ ‘ಝೆಡ್’ ಅಕ್ಷರವನ್ನು ಅಮೆರಿಕದವರು ತಪ್ಪದೆ ಬಳಸುವರು. ಬ್ರಿಟನ್ನಿನಲ್ಲಿ ‘ಝೆಡ್’, ‘ಎಸ್’ ಎರಡೂ ನಡೆಯುವುವು. ಒಂದು ಬರಹದಲ್ಲಿ ಒಂದೇ ಕ್ರಮವನ್ನು ಅನುಸರಿಸಿದರೆ ಸಾಕು. ಪದದ ಒತ್ತು ಮೊದಲನೆಯ ಅಕ್ಷರದ ಮೇಲೆ ಬೀಳಬೇಕು.

ಅರ್ಥದ ವಿಷಯದಲ್ಲಿ ಕಪ್ಪೆಯನ್ನು ನೆನೆದರೆ ಎಂದಿಗೂ ತಪ್ಪಾಗದು. ಕಪ್ಪೆಯ ಕಾಲು ಮೊದಲು ನಿಶ್ಚಲವಾಗಿದ್ದಿತು. ಆಘಾತವು ಹೊರಗಿನಿಂದ ಥಟ್ಟನೆ ಬಂದಿತು. ಒಡನೆಯೇ ಚಲನೆ ಉಂಟಾಯಿತು. ಈ ಮೂರೂ ಕೂಡಿದ ಕಡೆಯಲ್ಲಿಯೇ ಈ ಕ್ರಿಯಾಪದವು ಒಪ್ಪುವುದು. ತಾಯಿಯೊಬ್ಬಳು ಮಗನಿಗೆ ವರ್ಷಗಟ್ಟಲೆ ಬುದ್ಧಿ ಹೇಳಿ ಓದಿಸಿದಳೆಂದರೆ ಅದು ಪ್ರೋತ್ಸಾಹ. ಅಲ್ಲಿ ಈ ಪದವು ಸಲ್ಲದು. ಒಬ್ಬನ ಮಾತಿನಿಂದ ಇನ್ನೊಬ್ಬನಿಗೆ ಬರಿಯ ಕೋಪ ಬಂದರೆ ಅದು ಕೆರಳಿಸುವಿಕೆ, ಅಲ್ಲಿಯೂ ಸಲ್ಲದು. ಸೋಲುವ ಹಂತದಲ್ಲಿದ್ದ ತಂಡವು ನಾಯಕನ ಒಂದು ಸಾಹಸದಿಂದ ಒಮ್ಮೆಗೇ ಚೇತರಿಸಿಕೊಂಡು ಆಡತೊಡಗಿದರೆ ಅಲ್ಲಿ ನಿಸ್ಸಂದೇಹವಾಗಿ ಸಲ್ಲುವುದು. ಕನ್ನಡದಲ್ಲಿ ಸಂದರ್ಭಕ್ಕೆ ತಕ್ಕಂತೆ ‘ಬಡಿದೆಬ್ಬಿಸು’, ‘ಚುರುಕು ಮುಟ್ಟಿಸು’, ‘ಮಿಂಚು ಹರಿಸು’ ಎನ್ನಬಹುದು. ಇವುಗಳಲ್ಲಿ ‘ಚುರುಕು ಮುಟ್ಟಿಸು’ ಎಂಬುದೇ ನಮಗೆ ಹೆಚ್ಚು ಹತ್ತಿರವೆನಿಸುತ್ತದೆ. ಚರ್ಮಕ್ಕೆ ತಗಲಿದ ಬಿಸಿಯೂ ಅದರಿಂದಾದ ಎಚ್ಚರವೂ ಒಂದೇ ಮಾತಿನಲ್ಲಿ ಅಡಗಿವೆ.

ಕೊನೆಯ ತೀರ್ಪು

ಹಾಗಾದರೆ ಗೆದ್ದವರು ಯಾರು? ಹಿತ್ತಾಳೆಯ ಕೊಕ್ಕೆ ಕಬ್ಬಿಣದ ಕಂಬಿಯನ್ನು ಮುಟ್ಟಿದಾಗ ಕಾಲು ಅದುರಿದ್ದು ಲೋಹಗಳಿಂದ ಹುಟ್ಟಿದ ವಿದ್ಯುತ್ತಿನಿಂದಲೇ. ಅಲ್ಲಿ ವೋಲ್ಟನ ಮಾತು ಸರಿ. ಆದರೆ ಆ ವಿದ್ಯುತ್ತು ಹುಟ್ಟುವುದು ಬರಿಯ ಸಂಪರ್ಕದಿಂದಲ್ಲ, ಲೋಹ ಮತ್ತು ದ್ರವಗಳ ನಡುವಣ ರಾಸಾಯನಿಕ ಕ್ರಿಯೆಯಿಂದ ಎಂಬುದು ಅನಂತರ ತಿಳಿಯಿತು. ನರಕ್ಕೆ ನರವನ್ನು ಮುಟ್ಟಿಸಿದಾಗ ಕಾಲು ಅದುರಿದ್ದು ಪ್ರಾಣಿಯ ಸ್ವಂತ ವಿದ್ಯುತ್ತಿನಿಂದ. ಅಲ್ಲಿ ಗಾಲ್ವಾನಿಯ ಮಾತು ಸರಿ. ವೋಲ್ಟನ ಸ್ತಂಭದ ಪ್ರಭೆಯಲ್ಲಿ ಈ ಎರಡನೆಯ ಸತ್ಯವು ಹಲವು ವರ್ಷ ಮಂಕಾಗಿ ಹೋಯಿತು. 1840ರ ದಶಕದಲ್ಲಿ ಇಟಲಿಯ ಮತ್ತೆಯುಚ್ಚಿ, ಜರ್ಮನಿಯ ದ್ಯುಬ್ವಾ ರೇಮೋಂ ಇವರು ಸೂಕ್ಷ್ಮ ಉಪಕರಣಗಳಿಂದ ಸ್ನಾಯು ಮತ್ತು ನರಗಳ ವಿದ್ಯುತ್ತನ್ನು ಅಳೆದರು. ಅವರು ಬಳಸಿದ ಉಪಕರಣದ ಹೆಸರು ‘ಗ್ಯಾಲ್ವನೋಮೀಟರ್’. ಗಾಲ್ವಾನಿಯ ಪಕ್ಷದಲ್ಲಿ ಸಾಕ್ಷಿ ಹೇಳಲು ಅವನ ಹೆಸರಿನ ಉಪಕರಣವೇ ಬರಬೇಕಾಯಿತು.

1952ರಲ್ಲಿ ಇಂಗ್ಲೆಂಡಿನ ಹಾಜ್‌ಕಿನ್ ಮತ್ತು ಹಕ್ಸ್‌ಲಿ ಎಂಬ ವಿಜ್ಞಾನಿಗಳು, ಸ್ಕ್ವಿಡ್ ಎಂಬ ಕಡಲಜೀವಿಯ ದಪ್ಪ ನರತಂತುವಿನ ಮೇಲೆ ನಡೆಸಿದ ಪ್ರಯೋಗಗಳಿಂದ, ಪ್ರಾಣಿವಿದ್ಯುತ್ತಿನ ಗುಟ್ಟನ್ನು ಗಣಿತದ ಸಮೀಕರಣಗಳಲ್ಲಿ ಬಿಡಿಸಿಟ್ಟರು. ನರಕೋಶದ ಒಳಗೂ ಹೊರಗೂ ಸೋಡಿಯಮ್ ಮತ್ತು ಪೊಟ್ಯಾಸಿಯಮ್ ಅಯಾನುಗಳ ಪ್ರಮಾಣ ಬೇರೆಬೇರೆ. ಸುಮ್ಮನಿರುವಾಗ ಕೋಶದ ಒಳಭಾಗವು ಹೊರಗಿಗಿಂತ ಸುಮಾರು 70 ಮಿಲಿವೋಲ್ಟಿನಷ್ಟು ಋಣವಾಗಿರುವುದು. ಪ್ರಚೋದನೆ ಬಂದೊಡನೆ ಸೋಡಿಯಮ್ ಒಳನುಗ್ಗಿ ಈ ಸ್ಥಿತಿ ತಿರುವುಮುರುವಾಗುವುದು. ಆ ಅಲೆಯೇ ನರದುದ್ದಕ್ಕೂ ಓಡುವುದು. ಸ್ನಾಯುವು ಲೈಡೆನ್ ಜಾಡಿಯಂತೆ ವಿದ್ಯುತ್ತನ್ನು ಕೂಡಿಟ್ಟಿರುವುದೆಂದು ಗಾಲ್ವಾನಿಯು ಊಹಿಸಿದ್ದು ಈ ಚಿತ್ರಕ್ಕೆ ಬಹಳ ದೂರವಾಗಿಲ್ಲ. ಹಾಜ್‌ಕಿನ್ ಮತ್ತು ಹಕ್ಸ್‌ಲಿಗೆ 1963ರಲ್ಲಿ ನೊಬೆಲ್ ಪಾರಿತೋಷಕವು ದೊರೆಯಿತು.

ಇಂದು ಯಾವ ಆಸ್ಪತ್ರೆಗೆ ಹೋದರೂ ಹೃದಯದ ವಿದ್ಯುತ್ತನ್ನು ಗೆರೆಗಳಾಗಿ ಬರೆಯುವ ಇ.ಸಿ.ಜಿ. ಯಂತ್ರವನ್ನು ಕಾಣಬಹುದು. ಅದರ ಮೂಲಪುರುಷನಾದ ಐಂಟೋವನ್ ಎಂಬ ಡಚ್ ವಿಜ್ಞಾನಿಗೆ ಇದೇ ಕೆಲಸಕ್ಕಾಗಿ 1924ರ ನೊಬೆಲ್ ಪಾರಿತೋಷಕ ಬಂದಿತ್ತು. ಅವನು ರಚಿಸಿದ್ದೂ ಒಂದು ಬಗೆಯ ಗ್ಯಾಲ್ವನೋಮೀಟರನ್ನೇ. ಲಯ ತಪ್ಪಿ ಬರಿದೆ ಅದುರುತ್ತಿರುವ ಹೃದಯಕ್ಕೆ ವೈದ್ಯರು ಎದೆಯ ಮೇಲಿನಿಂದ ಆಘಾತ ಕೊಟ್ಟು ಅದನ್ನು ಸರಿಯಾದ ಬಡಿತಕ್ಕೆ ತರುವುದುಂಟು. ಶವವನ್ನು ಕುಣಿಸಿದ ಆಲ್ದೀನಿಯ ಪ್ರದರ್ಶನದಿಂದ ಯಾರೂ ಬದುಕಲಿಲ್ಲ. ಆದರೆ ಸಕಾಲದಲ್ಲಿ, ತಕ್ಕ ಪ್ರಮಾಣದಲ್ಲಿ ಕೊಟ್ಟ ವಿದ್ಯುತ್ತಿನಿಂದ ಸಾವಿನ ಅಂಚಿನಲ್ಲಿದ್ದವರು ಇಂದು ಮನೆಗೆ ಮರಳುತ್ತಿದ್ದಾರೆ. ಆ ಕ್ಷಣದಲ್ಲಿ ನಮ್ಮ ಕ್ರಿಯಾಪದಕ್ಕೆ ಮೂಲಾರ್ಥವೂ ಲಾಕ್ಷಣಿಕಾರ್ಥವೂ ಒಂದೇ ಆಗುವುದು.

ಪದಗಳನ್ನು ನಾವು ಸಾಮಾನ್ಯವಾಗಿ ನಾಣ್ಯಗಳಂತೆ ಬಳಸುತ್ತೇವೆ. ಮೇಲೆ ಯಾರ ಮುಖವಿದೆಯೆಂದು ನೋಡುವುದಿಲ್ಲ. ಈ ಒಂದು ಪದವನ್ನು ತಿರುಗಿಸಿ ನೋಡಿದಾಗ, ತಾನು ಕಂಡದ್ದನ್ನು ಬಿಟ್ಟುಕೊಡದ, ತನ್ನ ಮನಸ್ಸಾಕ್ಷಿಯನ್ನೂ ಬಿಟ್ಟುಕೊಡದ ಒಬ್ಬ ಅಧ್ಯಾಪಕನ ಮುಖವು ಕಾಣಿಸುತ್ತದೆ. ಮುಂದಿನ ಸಲ ಬಾವಿಯ ಕಟ್ಟೆಯ ಮೇಲಿನ ಬಕೆಟ್ಟನ್ನು ಎತ್ತಿಕೊಳ್ಳುವಾಗ, ಅದನ್ನು ಎತ್ತುವಂತೆ ನಮ್ಮ ತೋಳಿಗೆ ಅಪ್ಪಣೆ ಕೊಟ್ಟದ್ದು ಗಾಲ್ವಾನಿಯ ಪ್ರಾಣಿವಿದ್ಯುತ್ತು, ಬಕೆಟ್ಟನ್ನು ತುಕ್ಕಿನಿಂದ ಕಾಯುತ್ತಿರುವುದು ವೋಲ್ಟನ ಲೋಹವಿದ್ಯುತ್ತು ಎಂಬುದನ್ನು ನೆನೆಯೋಣ.